ತಂತ್ರಾಂಶಕ್ಕೂ ಆಖೈರು ಶಿಲ್ಕು ಬೇಕು

‘ಸರ್ವರ್ ಡೌನ್’ ಎಂಬ ಮಾತು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ವ್ಯವಹಾರಸ್ಥರಿಗೆ ಹೊಸದಲ್ಲ. ಬ್ಯಾಂಕಿನ ಕೌಂಟರಿನಲ್ಲಿ, ಸಹಕಾರಿ ಸಂಘದ ಶಾಖೆಯಲ್ಲಿ, ಸರ್ಕಾರಿ ಕಚೇರಿಯ ಕಿಟಕಿಯಲ್ಲಿ, ತೆರಿಗೆ ಇಲಾಖೆಯ ಜಾಲತಾಣದಲ್ಲಿ ಈ ಮಾತು ಎದುರಾದೊಡನೆ ನಾವು ಮರುಪ್ರಶ್ನೆ ಕೇಳದೆ ಹಿಂದಿರುಗುತ್ತೇವೆ. ಆಷಾಢದ ಮಳೆಗೆ ಯಾರನ್ನು ದೂರುವುದು ಎಂಬಂತೆ ಇದನ್ನೂ ದೈವೇಚ್ಛೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಆದರೆ ನಗದು ಪುಸ್ತಕದಲ್ಲಿ ಹಣ ಕಡಿಮೆ ಕಂಡಾಗ ‘ಹಣ ಕಡಿಮೆಯಾಗಿದೆ’ ಎಂದಷ್ಟೇ ಬರೆದು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ. ಎಷ್ಟು ಕಡಿಮೆ, ಯಾವ ದಿನದಿಂದ, ಯಾರ ಕೈಯಲ್ಲಿ ಎಂದು ಕೇಳುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ಇವೇ ಪ್ರಶ್ನೆಗಳನ್ನು ಕೇಳಬಹುದು ಮತ್ತು ಅವುಗಳಿಗೆ ಉತ್ತರವೂ ದೊರೆಯುತ್ತದೆ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಜನಸಂದಣಿಯೊಂದೇ ಕಾರಣವೇ?

ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದಿತು. ಮೊದಲ ತಿಂಗಳ ಜಿಎಸ್‌ಟಿಆರ್-3ಬಿ ಸಲ್ಲಿಸುವ ಹೊತ್ತಿಗೇ, ಅಂದರೆ ಆಗಸ್ಟ್ 19ರಂದು, ಜಾಲತಾಣ ಕೈಕೊಟ್ಟಿತು. 20ರ ಗಡುವನ್ನು 25ಕ್ಕೆ ಮುಂದೂಡಬೇಕಾಯಿತು. ತಾಂತ್ರಿಕ ತೊಡಕುಗಳನ್ನು ಪರಿಶೀಲಿಸಲು ಸಚಿವರ ತಂಡವನ್ನೇ ರಚಿಸಲಾಯಿತು. 2020ರ ಮಾರ್ಚ್ 14ರಂದು ನಡೆದ ಜಿ.ಎಸ್.ಟಿ. ಮಂಡಳಿಯ 39ನೆಯ ಸಭೆಯು, ಏಕಕಾಲಕ್ಕೆ 1.5 ಲಕ್ಷ ತೆರಿಗೆದಾರರನ್ನು ನಿಭಾಯಿಸುವ ಸಾಮರ್ಥ್ಯವನ್ನು 3 ಲಕ್ಷಕ್ಕೆ ಏರಿಸಬೇಕೆಂದು ನಿರ್ಣಯಿಸಿತು. 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಜಾಲತಾಣ ಆರಂಭವಾಯಿತು. ಆಗಸ್ಟ್ 21ರಿಂದ ಅದು ತೆರೆದುಕೊಳ್ಳದೆ ಹೋದಾಗ ಹಣಕಾಸು ಸಚಿವಾಲಯವು ಇನ್ಫೋಸಿಸ್ ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿತು. ರಿಟರ್ನ್ ಸಲ್ಲಿಕೆಯ ಗಡುವು ಡಿಸೆಂಬರ್ 31ರವರೆಗೆ ಬೆಳೆಯಿತು. 2025ರ ಜನವರಿಯಲ್ಲಿ ಜಿ.ಎಸ್.ಟಿ. ಜಾಲತಾಣದ ತೊಂದರೆಯಿಂದಾಗಿ ಜಿಎಸ್‌ಟಿಆರ್-1ರ ಗಡುವು 11ರಿಂದ 13ಕ್ಕೆ ಹೋಯಿತು. ಅದೇ ವರ್ಷದ ಸೆಪ್ಟೆಂಬರ್ 15ರ ಆದಾಯ ತೆರಿಗೆ ಗಡುವು 16ಕ್ಕೆ ಹೋಯಿತು.

ಈ ಎಲ್ಲ ಸಂದರ್ಭಗಳಲ್ಲಿ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಒಂದೇ ಸಂಖ್ಯೆಯ ಸುತ್ತ ನಡೆಯಿತು: ಏಕಕಾಲಕ್ಕೆ ಎಷ್ಟು ಮಂದಿ? ಜನ ಹೆಚ್ಚಾದರೆ ಯಂತ್ರ ಕುಸಿಯುತ್ತದೆ, ದೊಡ್ಡ ಯಂತ್ರ ತಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇರೂರಿತು. ಈ ನಂಬಿಕೆ ಅರ್ಧ ಸತ್ಯ ಮಾತ್ರ. ಅದೇ ಆದಾಯ ತೆರಿಗೆ ಜಾಲತಾಣದಲ್ಲಿ 2024ರ ಜುಲೈ 31ರ ಒಂದೇ ದಿನ 69.92 ಲಕ್ಷ ರಿಟರ್ನ್‌ಗಳು ಸಲ್ಲಿಕೆಯಾದವು. ಸಂಜೆ 7ರಿಂದ 8ರ ನಡುವಿನ ಒಂದು ಗಂಟೆಯಲ್ಲಿಯೇ 5.07 ಲಕ್ಷ. ಎಂದರೆ ಸಂದಣಿಯನ್ನು ತಾಳಿಕೊಳ್ಳುವ ವ್ಯವಸ್ಥೆ ಕಟ್ಟುವುದು ಸಾಧ್ಯವಿದೆ. ಇದಕ್ಕೆ ಪ್ರತಿಯಾಗಿ, ಸಂದಣಿಯೇ ಇಲ್ಲದ ಹೊತ್ತಿನಲ್ಲಿ ಕುಸಿಯುವ ವ್ಯವಸ್ಥೆಗಳೂ ಇವೆ. ಎಷ್ಟು ಮಂದಿ ಬಂದರು ಎಂಬುದರ ಜೊತೆಗೆ, ಬಂದವರು ಹೋದ ಮೇಲೆ ಯಂತ್ರದೊಳಗೆ ಏನು ಉಳಿಯಿತು ಎಂಬುದನ್ನೂ ಕೇಳಬೇಕಾಗುತ್ತದೆ. ಮೇಲೆ ಹೇಳಿದ ತೊಂದರೆಗಳಿಗೆಲ್ಲ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಈ ಪ್ರಶ್ನೆ ನಮ್ಮ ಚರ್ಚೆಯಲ್ಲಿ ಬರುವುದೇ ಇಲ್ಲ ಎಂಬುದು ಕಳವಳದ ಸಂಗತಿ.

ನಷ್ಟ ಯಾರದು ಎಂಬುದು ಎಲ್ಲರಿಗೂ ತಿಳಿದದ್ದೇ. ತೆರಿಗೆ ಕಟ್ಟುವುದು ತಡವಾದರೆ ಶೇಕಡ 18ರ ಬಡ್ಡಿ. ಮಾರಾಟಗಾರನ ಜಿಎಸ್‌ಟಿಆರ್-1 ಸಕಾಲದಲ್ಲಿ ಸಲ್ಲಿಕೆಯಾಗದಿದ್ದರೆ ಖರೀದಿದಾರನ ಆ ತಿಂಗಳ ಜಿಎಸ್‌ಟಿಆರ್-2ಬಿಯಲ್ಲಿ ಹೂಡುವಳಿ ತೆರಿಗೆ ಜಮೆ ಕಾಣುವುದಿಲ್ಲ. ನಮ್ಮ ಗೇರುಬೀಜ ಕಾರ್ಖಾನೆಯವರು, ಅಕ್ಕಿ ಗಿರಣಿಯವರು ಮತ್ತು ಸಿಮೆಂಟು, ಕಬ್ಬಿಣದ ವ್ಯಾಪಾರಿಗಳು ಇದರ ಬಿಸಿಯನ್ನು ಬಲ್ಲರು.

ನಮ್ಮ ಅಂಗಳದ ಸರ್ವರ್

ದೆಹಲಿಯ ಜಾಲತಾಣ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಾವೇ ಹಣ ಕೊಟ್ಟು ತಂದ ತಂತ್ರಾಂಶಗಳು? ಇಂದು ಸಣ್ಣ ಸೌಹಾರ್ದ ಸಹಕಾರಿಯಿಂದ ಹಿಡಿದು ಬಸ್ ಸಂಸ್ಥೆಯ ಟಿಕೆಟ್ ಲೆಕ್ಕದವರೆಗೆ, ಶಾಲಾ ಶುಲ್ಕದಿಂದ ಹಿಡಿದು ಮೀನು ವ್ಯಾಪಾರದ ಬಟವಾಡೆಯವರೆಗೆ ಎಲ್ಲವೂ ಗಣಕೀಕೃತ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಒಪ್ಪಿಗೆ ನೀಡಿತು. ಸುಮಾರು 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದೇ ಮಾದರಿಯ ತಂತ್ರಾಂಶಕ್ಕೆ ತರುವುದು ಅದರ ಗುರಿಯಾಗಿತ್ತು.

ನಮ್ಮ ಭಾಗದ ವ್ಯವಹಾರಕ್ಕೆ ತನ್ನದೇ ಆದ ಏರಿಳಿತವಿದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಆರಂಭಿಸಿದ ಪಿಗ್ಮಿ ಠೇವಣಿ ಪದ್ಧತಿ ಈ ಜಿಲ್ಲೆಯ ಕೊಡುಗೆ. ದಿನವಿಡೀ ಅಂಗಡಿ ಅಂಗಡಿ ಸುತ್ತಿದ ಸಂಗ್ರಾಹಕರೆಲ್ಲರೂ ಕೈಯಂತ್ರದ ಲೆಕ್ಕವನ್ನು ಸಂಜೆಯ ಒಂದೆರಡು ಗಂಟೆಯಲ್ಲಿ ಸರ್ವರಿಗೆ ತುಂಬುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಮುಗಿದೊಡನೆ ಗಂಗೊಳ್ಳಿಯಂತಹ ಬಂದರುಗಳ ಖಾತೆಗಳು ಒಮ್ಮೆಲೇ ಜೀವ ತಳೆಯುತ್ತವೆ. ಮಾರ್ಚ್ ಕೊನೆಯ ವಾರದಲ್ಲಿ ಬೆಳೆಸಾಲದ ನವೀಕರಣ, ಬಡ್ಡಿ ಜಮೆ, ವರ್ಷಾಂತ್ಯದ ಪಟ್ಟಿಗಳು ಒಟ್ಟಿಗೆ ಬರುತ್ತವೆ. ಬೆಂಗಳೂರಿನಲ್ಲಿ ಕುಳಿತು ಹತ್ತು ನಕಲಿ ಖಾತೆಗಳ ಮೇಲೆ ತಂತ್ರಾಂಶವನ್ನು ಪರೀಕ್ಷಿಸುವವರಿಗೆ ಈ ಏರಿಳಿತ ಹೇಗೆ ತಿಳಿಯಬೇಕು?

ಲೆಕ್ಕಪರಿಶೋಧನೆಗೆಂದು ನಾನು ಹೋಗುವ ಸಂಸ್ಥೆಯೊಂದರಲ್ಲಿ ಪ್ರತಿದಿನ ಮಧ್ಯಾಹ್ನ ಊಟದ ಹೊತ್ತಿಗೆ ಸರ್ವರ್ ಆರಿಸಿ ಮತ್ತೆ ಚಾಲೂ ಮಾಡುವುದು ವಾಡಿಕೆ. ಬೆಳಗ್ಗೆ ಚುರುಕಾಗಿರುವ ಯಂತ್ರ ಹನ್ನೆರಡರ ಬಳಿಕ ತೆವಳತೊಡಗುತ್ತದೆ. ಆರಿಸಿ ಹಾಕಿದರೆ ಮತ್ತೆ ಚುರುಕು. ಯಾಕೆ ಎಂದು ಕೇಳಿದರೆ, ‘ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಕಲ್ಲ ಸಾರ್’ ಎಂಬ ಉತ್ತರ. ತಂತ್ರಾಂಶದವರೂ ಇದನ್ನೇ ಶಿಫಾರಸು ಮಾಡಿದ್ದಾರೆ. ಯಂತ್ರಕ್ಕೆ ದಣಿವಿಲ್ಲ. ದಣಿದಂತೆ ಕಾಣುವ ಯಂತ್ರ, ಮರಳಿಸಬೇಕಾದ ಏನನ್ನೋ ಮರಳಿಸಿಲ್ಲ ಎಂದು ಮೊದಲು ಶಂಕಿಸಬೇಕು.

ಮೆಮೊರಿ ಮತ್ತು ಕಸ ಸಂಗ್ರಹ

ತಂತ್ರಾಂಶವು ಪ್ರತಿಯೊಂದು ಕೆಲಸಕ್ಕೂ ಯಂತ್ರದ ಮೆಮೊರಿಯಿಂದ ಸ್ವಲ್ಪ ಜಾಗವನ್ನು ಕೈಗಡವಾಗಿ ಪಡೆಯುತ್ತದೆ. ಒಂದು ರಶೀದಿ ಮುದ್ರಿಸಲು ಇಷ್ಟು, ಒಂದು ಖಾತೆಯ ಪಟ್ಟಿ ತೋರಿಸಲು ಇಷ್ಟು. ಕೆಲಸ ಮುಗಿದೊಡನೆ ಆ ಜಾಗವನ್ನು ಹಿಂದಿರುಗಿಸಬೇಕು. ಹಳೆಯ ಸಿ ಭಾಷೆಯಲ್ಲಿ ಹಿಂದಿರುಗಿಸುವ ಹೊಣೆ ತಂತ್ರಾಂಶ ಬರೆದವನದು. ಆತ ಒಂದು ಕಡೆ ಮರೆತರೂ ಆ ಜಾಗ ಹೋದಂತೆಯೇ. ಈ ಮರೆವಿಗೆ ಪರಿಹಾರವಾಗಿ, ಬಳಕೆಯಲ್ಲಿಲ್ಲದ ಜಾಗವನ್ನು ಯಂತ್ರವೇ ಹುಡುಕಿ ಬಿಡಿಸಿಕೊಳ್ಳುವ ವಿಧಾನವನ್ನು ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ ಲಿಸ್ಪ್ ಭಾಷೆಗಾಗಿ 1959ರ ಸುಮಾರಿಗೆ ರೂಪಿಸಿದರು. ಇದೇ ಗಾರ್ಬೇಜ್ ಕಲೆಕ್ಷನ್, ಅಂದರೆ ಕಸ ಸಂಗ್ರಹ. 1995ರಲ್ಲಿ ಬಂದ ಜಾವಾ ಭಾಷೆ ಇದನ್ನು ವ್ಯವಹಾರ ಜಗತ್ತಿಗೆ ತಂದಿತು; ಡಾಟ್ ನೆಟ್‌ನಲ್ಲಿಯೂ ಇದೇ ಕ್ರಮ. ಇಂದಿನ ಬ್ಯಾಂಕಿಂಗ್ ಹಾಗೂ ಲೆಕ್ಕಪತ್ರ ತಂತ್ರಾಂಶಗಳ ಬಹುಪಾಲು ಇಂತಹ ಭಾಷೆಗಳಲ್ಲಿವೆ.

ಆದರೆ ಈ ಸೌಕರ್ಯಕ್ಕೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಗುಡಿಸುವಾಗ ಕೆಲಸ ನಿಲ್ಲುತ್ತದೆ. ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆಯ ರಾಶಿ ಎತ್ತುವಾಗ ಸಾಲಿನವರೆಲ್ಲ ಎದ್ದು ನಿಲ್ಲಬೇಕಾದ ಹಾಗೆ, ಕಸ ಸಂಗ್ರಹದ ಕೆಲವು ಹಂತಗಳಲ್ಲಿ ತಂತ್ರಾಂಶದ ಎಲ್ಲ ಕೆಲಸವೂ ಸ್ತಬ್ಧಗೊಳ್ಳುತ್ತದೆ. ಹೊಸ ವಿಧಾನಗಳಲ್ಲಿ ಈ ವಿರಾಮ ಸೆಕೆಂಡಿನ ಸಣ್ಣ ಭಾಗವಷ್ಟೇ; ಆದರೆ ಜಾಗ ಬಿಗಿಯಾದಾಗ ಅಥವಾ ಹಳೆಯ ವಿಧಾನ ಬಳಸಿದಾಗ ಹಲವು ಸೆಕೆಂಡುಗಳಾಗಬಹುದು. ಎರಡನೆಯದಾಗಿ, ಯಾರೂ ಹಿಡಿದುಕೊಂಡಿಲ್ಲದ ವಸ್ತುವನ್ನು ಮಾತ್ರ ಯಂತ್ರ ಕಸವೆಂದು ಗುರುತಿಸುತ್ತದೆ. ಕೆಲಸ ಮುಗಿದಿದ್ದರೂ ತಂತ್ರಾಂಶದ ಯಾವುದೋ ಪಟ್ಟಿಯಲ್ಲಿ ಅದರ ಹೆಸರು ಉಳಿದಿದ್ದರೆ ಅದನ್ನು ಮುಟ್ಟುವುದಿಲ್ಲ. ನಮ್ಮ ಸಸ್ಪೆನ್ಸ್ ಖಾತೆಯ ಪರಿಸ್ಥಿತಿಯೂ ಇದೇ: ನಮೂದು ಇದೆ, ವಾರಸುದಾರರಿಲ್ಲ, ಆದರೆ ತೆಗೆದುಹಾಕುವ ಅಧಿಕಾರ ಯಾರಿಗೂ ಇಲ್ಲ. ಇದನ್ನೇ ಮೆಮೊರಿ ಸೋರಿಕೆ ಎನ್ನುತ್ತಾರೆ.

ಲಂಡನ್ನಿನ ಪಾಠ

ಲಂಡನ್ ಆಂಬುಲೆನ್ಸ್ ಸೇವೆಯು ವಾಹನಗಳನ್ನು ಕಳುಹಿಸುವ ಹೊಸ ಗಣಕೀಕೃತ ವ್ಯವಸ್ಥೆಯನ್ನು 1992ರ ಅಕ್ಟೋಬರ್ 26ರಂದು ಪೂರ್ಣ ಬಳಕೆಗೆ ತಂದಿತು. ಮೊದಲ ಎರಡು ದಿನಗಳಲ್ಲಿಯೇ ಗೊಂದಲವುಂಟಾಗಿ ಭಾಗಶಃ ಹಳೆಯ ಪದ್ಧತಿಗೆ ಮರಳಬೇಕಾಯಿತು. ಆ ಬಳಿಕ ನವೆಂಬರ್ 4ರ ನಸುಕಿನ 2 ಗಂಟೆ ಕಳೆದ ಮೇಲೆ ಯಂತ್ರ ನಿಧಾನವಾಗಿ, ಕೊನೆಗೆ ಪೂರ್ತಿ ನಿಂತಿತು. ಮೀಸಲು ಸರ್ವರ್ ನೆರವಿಗೆ ಬರಲಿಲ್ಲ. ಸಿಬ್ಬಂದಿ ಕಾಗದ ಮತ್ತು ದೂರವಾಣಿಯನ್ನೇ ಆಶ್ರಯಿಸಬೇಕಾಯಿತು.

1993ರ ಫೆಬ್ರವರಿಯಲ್ಲಿ ಹೊರಬಂದ ತನಿಖಾ ವರದಿ ಕಾರಣವನ್ನು ಸ್ಪಷ್ಟವಾಗಿ ದಾಖಲಿಸಿದೆ. ಸುಮಾರು ಮೂರು ವಾರಗಳ ಹಿಂದೆ ತಂತ್ರಾಂಶದಲ್ಲಿ ಬದಲಾವಣೆ ಮಾಡಿದಾಗ ಒಂದು ಸಣ್ಣ ತುಣುಕು ಉಳಿದುಹೋಗಿತ್ತು. ಪ್ರತಿ ಬಾರಿ ಒಂದು ವಾಹನ ಹೊರಡಿಸಿದಾಗಲೂ ಅದು ಸರ್ವರಿನ ಸ್ವಲ್ಪ ಮೆಮೊರಿಯನ್ನು ಪಡೆಯುತ್ತಿತ್ತು, ಹಿಂದಿರುಗಿಸುತ್ತಿರಲಿಲ್ಲ. ಮೂರು ವಾರಗಳಲ್ಲಿ ಎಲ್ಲವೂ ಖಾಲಿಯಾಯಿತು. ನಸುಕಿನ ಎರಡು ಗಂಟೆ ನೂಕುನುಗ್ಗಲಿನ ಹೊತ್ತಲ್ಲ ಎಂಬುದನ್ನು ಗಮನಿಸಬೇಕು. ಒಂದು ಗಂಟೆಯ ಭಾರ ಪರೀಕ್ಷೆಯನ್ನು ಎಷ್ಟೇ ಜೋರಾಗಿ ನಡೆಸಿದ್ದರೂ ಈ ದೋಷ ತೋರಿಬರುವುದು ಕಷ್ಟವಿತ್ತು.

ಇಪ್ಪತ್ತು ವರ್ಷಗಳ ಬಳಿಕ, 2012ರ ಅಕ್ಟೋಬರ್ 22ರಂದು, ಅಮೆಜಾನ್ ಸಂಸ್ಥೆಯ ಕ್ಲೌಡ್ ಸೇವೆ ಅಮೆರಿಕದಲ್ಲಿ ಹಲವು ಗಂಟೆ ಅಸ್ತವ್ಯಸ್ತವಾಯಿತು. ಮಾಹಿತಿ ಸಂಗ್ರಹಿಸುವ ಒಂದು ಉಪಾಂಗ ತಂತ್ರಾಂಶದಲ್ಲಿ ಅಡಗಿದ್ದ ಮೆಮೊರಿ ಸೋರಿಕೆಯೇ ಮೂಲವೆಂದು ಆ ಸಂಸ್ಥೆಯೇ ವಿವರಣೆ ನೀಡಿತು. ಆದ್ದರಿಂದ ‘ಕ್ಲೌಡ್‌ಗೆ ಹೋದರೆ ಈ ತಲೆನೋವಿಲ್ಲ’ ಎಂಬ ಮಾರಾಟಗಾರರ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ.

ಶಿಲ್ಕು ಓದುವ ಕ್ರಮ

ಕಸ ಸಂಗ್ರಹ ನಡೆದಾಗಲೆಲ್ಲ ಒಂದು ಸಾಲು ಬರೆದಿಡುವಂತೆ ಜಾವಾ ವ್ಯವಸ್ಥೆಗೆ ಸೂಚಿಸಬಹುದು. ಇದಕ್ಕೆ ಜಿಸಿ ಲಾಗ್ ಎನ್ನುತ್ತಾರೆ. ಸಂಗ್ರಹಕ್ಕೆ ಮುಂಚೆ ಎಷ್ಟು ಜಾಗ ಬಳಕೆಯಲ್ಲಿತ್ತು, ನಂತರ ಎಷ್ಟು ಉಳಿಯಿತು, ಕೆಲಸ ಎಷ್ಟು ಹೊತ್ತು ನಿಂತಿತು ಎಂಬ ಮೂರು ಸಂಗತಿಗಳು ಅದರಲ್ಲಿರುತ್ತವೆ. ಪಾಸ್‌ಬುಕ್ ಓದಬಲ್ಲವರು ಇದನ್ನೂ ಓದಬಲ್ಲರು. ಮುಖ್ಯವಾಗಿ ನೋಡಬೇಕಾದದ್ದು ಪೂರ್ಣ ಸಂಗ್ರಹದ ನಂತರ ಉಳಿಯುವ ಮೊತ್ತ. ಅದೇ ಆಖೈರು ಶಿಲ್ಕು. ಬಳಕೆದಾರನಿಗೆ ಎಲ್ಲ ಕಾಯಿಲೆಯೂ ‘ಸ್ಲೋ’ ಎಂದೇ ಕಾಣುತ್ತದೆ. ಆದರೆ ಶಿಲ್ಕಿನ ನಡೆಯಿಂದ ಅವುಗಳನ್ನು ಬೇರ್ಪಡಿಸಬಹುದು.

ಶಿಲ್ಕು ದಿನದಿಂದ ದಿನಕ್ಕೆ ಏರುತ್ತಲೇ ಹೋದರೆ ಅದು ಸೋರಿಕೆ. ಮೆಮೊರಿ ಹೆಚ್ಚಿಸಿದರೆ ಕುಸಿತದ ದಿನ ಮುಂದೆ ಹೋಗುತ್ತದೆ, ತಪ್ಪುವುದಿಲ್ಲ. ಮೆಮೊರಿಯ ಪೂರ್ಣ ಪ್ರತಿಯನ್ನು, ಅಂದರೆ ಹೀಪ್ ಡಂಪ್ ಅನ್ನು, ಕೆಲವು ಗಂಟೆಗಳ ಅಂತರದಲ್ಲಿ ಎರಡು ಬಾರಿ ತೆಗೆದು ಹೋಲಿಸಿದರೆ ಯಾವ ವಸ್ತು ಬೆಳೆದಿದೆ, ಅದನ್ನು ಯಾರು ಹಿಡಿದುಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಇದಕ್ಕೆ ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಂತಹ ಉಚಿತ ಸಾಧನಗಳೇ ಇವೆ.

ಶಿಲ್ಕು ಏರದೆ ಒಂದೇ ಮಟ್ಟದಲ್ಲಿದ್ದು, ಆ ಮಟ್ಟವೇ ಒಟ್ಟು ಜಾಗದ ಅಂಚಿಗೆ ತಾಗಿದ್ದರೆ, ಕೊಟ್ಟ ಜಾಗ ನಿಜವಾಗಿಯೂ ಸಾಲದು. ಮೆಮೊರಿ ಹೆಚ್ಚಿಸಿದರೆ ಗುಣವಾಗುವ ಕಾಯಿಲೆ ಇದು.

ಶಿಲ್ಕು ಕಡಿಮೆಯಿದ್ದೂ ಸಂಗ್ರಹ ಪದೇ ಪದೇ ನಡೆಯುತ್ತಿದ್ದರೆ, ತಂತ್ರಾಂಶ ದುಂದುಗಾರ ಎಂದರ್ಥ. ಒಬ್ಬ ಸದಸ್ಯನ ಬಾಕಿ ತೋರಿಸಲು ಎಲ್ಲ ಸದಸ್ಯರ ಖಾತೆಗಳನ್ನೂ ಮೆಮೊರಿಗೆ ಎಳೆದು ತರುವ ವರದಿಗಳು ಇಂತಹವು. ಇಲ್ಲಿ ತಿದ್ದಬೇಕಾದದ್ದು ತಂತ್ರಾಂಶವನ್ನು.

ಸಂಗ್ರಹ ಅಪರೂಪ, ಆದರೆ ಪ್ರತಿ ವಿರಾಮವೂ ದೀರ್ಘವಾಗಿದ್ದರೆ, ಸಂಗ್ರಹ ವಿಧಾನದ ಆಯ್ಕೆಯನ್ನು ಪರಿಶೀಲಿಸಬೇಕು. ಯಂತ್ರದಲ್ಲಿರುವುದಕ್ಕಿಂತ ಹೆಚ್ಚು ಮೆಮೊರಿಯನ್ನು ತಂತ್ರಾಂಶಕ್ಕೆ ಬರೆದುಕೊಟ್ಟಿದ್ದಾರೆಯೇ ಎಂದೂ ನೋಡಬೇಕು. ಹಾಗೆ ಬರೆದುಕೊಟ್ಟರೆ ಹೆಚ್ಚುವರಿ ಭಾಗ ಡಿಸ್ಕಿಗೆ ಹೋಗಿ, ಕಸ ಹುಡುಕುವ ಕೆಲಸ ಹಲವು ಪಟ್ಟು ನಿಧಾನವಾಗುತ್ತದೆ.

ಇನ್ನು, ಶಿಲ್ಕೂ ಸರಿಯಿದೆ, ವಿರಾಮವೂ ಚಿಕ್ಕದಿದೆ, ಆದರೂ ನಿಧಾನ ಎಂದಾದರೆ ದೋಷ ಮೆಮೊರಿಯದಲ್ಲ. ದತ್ತಾಂಶ ಕೋಶವನ್ನೋ ಜಾಲಸಂಪರ್ಕವನ್ನೋ ನೋಡಬೇಕು. ನಿರಪರಾಧಿಯನ್ನು ಬಿಡುಗಡೆ ಮಾಡುವುದೂ ಪರಿಶೋಧನೆಯ ಕೆಲಸವೇ.

ಪರೀಕ್ಷೆಗಳು ದಾರಿ ತಪ್ಪಿಸುವ ಬಗೆ

ತಂತ್ರಾಂಶ ಪೂರೈಸುವವರು ‘ಭಾರ ಪರೀಕ್ಷೆ ಮಾಡಿದ್ದೇವೆ, ಸರಾಸರಿ ಒಂದು ಸೆಕೆಂಡಿನೊಳಗೆ ಉತ್ತರ ಬರುತ್ತದೆ’ ಎಂಬ ವರದಿ ತೋರಿಸುತ್ತಾರೆ. ಇಂತಹ ಸರಾಸರಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಯಂತ್ರವು ಹತ್ತು ನಿಮಿಷಕ್ಕೊಮ್ಮೆ 20 ಸೆಕೆಂಡು ಸ್ತಬ್ಧವಾಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಆರು ಬಾರಿ, ಒಟ್ಟು 120 ಸೆಕೆಂಡು; ಅಂದರೆ 3,600 ಸೆಕೆಂಡುಗಳಲ್ಲಿ ಶೇಕಡ 3.33. ಆ ಅವಧಿಯಲ್ಲಿ ಬಂದವರು ಸರಾಸರಿ 10 ಸೆಕೆಂಡು ಕಾಯುತ್ತಾರೆ. ಎಲ್ಲ ಗ್ರಾಹಕರ ಮೇಲೆ ಹಂಚಿದರೆ ತಲಾ ಮೂರನೇ ಒಂದು ಸೆಕೆಂಡು ಮಾತ್ರ. ಅರ್ಧ ಸೆಕೆಂಡಿನ ಸರಾಸರಿ 0.83 ಆಗುತ್ತದೆ, ವರದಿ ಸುಂದರವಾಗಿಯೇ ಇರುತ್ತದೆ. ಆದರೆ ಮೂವತ್ತರಲ್ಲಿ ಒಬ್ಬರು ಸ್ತಬ್ಧತೆಗೆ ಸಿಲುಕಿದ್ದಾರೆ; ನೂರರಲ್ಲಿ ಒಬ್ಬರು 14 ಸೆಕೆಂಡಿಗೂ ಹೆಚ್ಚು ಕಾದಿದ್ದಾರೆ. ಅಷ್ಟರಲ್ಲಿ ಗುಮಾಸ್ತೆ ಎರಡನೆಯ ಬಾರಿ ಗುಂಡಿ ಒತ್ತಿದರೆ ಒಂದೇ ರಶೀದಿ ಎರಡಾಗುವ ಅಪಾಯವಿದೆ. ಹೀಗಾಗಿ ಸರಾಸರಿಯ ಬದಲು ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಎಷ್ಟರೊಳಗೆ ಉತ್ತರ ಬಂತು, ಅತಿ ದೀರ್ಘ ವಿರಾಮ ಎಷ್ಟು ಎಂದು ಕೇಳಬೇಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅನೇಕ ಪರೀಕ್ಷೆಗಳಲ್ಲಿ ಕೃತಕ ಗ್ರಾಹಕನು ಒಂದು ಉತ್ತರ ಬಂದ ಮೇಲೆಯೇ ಮುಂದಿನ ಪ್ರಶ್ನೆ ಕಳುಹಿಸುತ್ತಾನೆ. ಯಂತ್ರ 20 ಸೆಕೆಂಡು ನಿಂತರೆ ಪರೀಕ್ಷಕನೂ ತೆಪ್ಪಗೆ ನಿಂತು, ಆ ಅವಧಿಗೆ ಒಂದೇ ಕೆಟ್ಟ ಅಂಕ ದಾಖಲಿಸುತ್ತಾನೆ. ನಿಜವಾದ ಕೌಂಟರಿನಲ್ಲಿ ಜನ ಹಾಗೆ ನಿಲ್ಲುವುದಿಲ್ಲ. ಹಿಂದಿನಿಂದ ಬರುತ್ತಲೇ ಇರುತ್ತಾರೆ. ನಿಗದಿತ ವೇಗದಲ್ಲಿ ಪ್ರಶ್ನೆಗಳು ಬರುತ್ತಲೇ ಇರುವಂತೆ ಪರೀಕ್ಷೆಯನ್ನು ರೂಪಿಸಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಲಾಗಿನ್ ಆದ ಬಳಕೆದಾರ ಸುಮ್ಮನಿದ್ದರೆ ಸಾಮಾನ್ಯವಾಗಿ 30 ನಿಮಿಷದ ಬಳಿಕ ಆತನ ಜಾಗ ಬಿಡುಗಡೆಯಾಗುತ್ತದೆ. ಪರೀಕ್ಷೆಯಲ್ಲಿ ಹತ್ತು ನಿಮಿಷಕ್ಕೆ ಸಾವಿರಾರು ಲಾಗಿನ್ ಮಾಡಿಸಿದರೆ ಶಿಲ್ಕು ಏರಿದಂತೆ ಕಾಣುತ್ತದೆ. ಅದು ಹುಸಿ ಸೋರಿಕೆ. ವ್ಯಾಪಾರ ಮುಗಿದ ಮೇಲೆ ದಾಸ್ತಾನು ಎಣಿಸುವಂತೆ, ಪರೀಕ್ಷೆಯ ಭಾರ ನಿಲ್ಲಿಸಿ, ಆ ಅವಧಿ ಕಳೆಯುವವರೆಗೆ ಕಾದು, ಪೂರ್ಣ ಸಂಗ್ರಹ ಮಾಡಿಸಿ, ಬಳಿಕ ಆರಂಭದ ಶಿಲ್ಕಿನೊಡನೆ ತಾಳೆ ನೋಡುವುದು ಸರಿಯಾದ ಕ್ರಮ.

ರೀಸ್ಟಾರ್ಟ್‌ನ ಗಣಿತ

‘ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತಲ್ಲ’ ಎಂಬ ವಾದವನ್ನು ಅಲ್ಲಗಳೆಯುವ ಮುನ್ನ ಲೆಕ್ಕ ಹಾಕೋಣ. ಪ್ರತಿ ವಹಿವಾಟಿಗೆ 20 ಕೆಬಿ ಸೋರುತ್ತದೆ, ದಿನಕ್ಕೆ 5,000 ವಹಿವಾಟು ನಡೆಯುತ್ತದೆ ಎಂದುಕೊಂಡರೆ ದಿನದ ಸೋರಿಕೆ ಸುಮಾರು 100 ಎಂಬಿ. ಮೀಸಲು ಜಾಗ 2,000 ಎಂಬಿ ಇದ್ದರೆ ಇಪ್ಪತ್ತು ದಿನ ಬರುತ್ತದೆ. ಒಂದು ಗಂಟೆಯ ಪರೀಕ್ಷೆಯಲ್ಲಿ 600 ವಹಿವಾಟು ನಡೆಸಿದರೆ ಸೋರುವುದು 12 ಎಂಬಿ. ಯಾರ ಕಣ್ಣಿಗೂ ಬೀಳದು. ವಾರಕ್ಕೊಮ್ಮೆ ಭಾನುವಾರ ರೀಸ್ಟಾರ್ಟ್ ಮಾಡಿದರೆ ವರ್ಷದ ಐವತ್ತು ವಾರ ಏನೂ ಆಗುವುದಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ವಹಿವಾಟು ನಾಲ್ಕು ಪಟ್ಟಾದರೆ ದಿನಕ್ಕೆ 400 ಎಂಬಿ. ಸೋಮವಾರದಿಂದ ಶುಕ್ರವಾರದವರೆಗೆ 2,000 ಎಂಬಿ ಮುಗಿಯುತ್ತದೆ. ಶನಿವಾರ ಬೆಳಗ್ಗೆ ಯಂತ್ರ ನಿಲ್ಲುತ್ತದೆ. ವರ್ಷದಲ್ಲಿ ಯಾವ ವಾರ ನಿಲ್ಲಬಾರದೋ ಅದೇ ವಾರ.

ಸೋರಿಕೆಯ ಪ್ರಮಾಣ ಅಳೆದು ತಿಳಿದು, ದುರಸ್ತಿ ಆಗುವವರೆಗೆ ತಾತ್ಕಾಲಿಕವಾಗಿ ರೀಸ್ಟಾರ್ಟ್ ಮಾಡುವುದನ್ನು ನಾನು ಆಕ್ಷೇಪಿಸುವುದಿಲ್ಲ. ಅಳೆಯದೆ ಮಾಡುವ ರೀಸ್ಟಾರ್ಟ್ ಅಪಾಯಕಾರಿ, ಯಾಕೆಂದರೆ ಅದು ಸಾಕ್ಷ್ಯವನ್ನೂ ಅಳಿಸಿಹಾಕುತ್ತದೆ. ಮೆಮೊರಿಯಲ್ಲಿದ್ದ ಪುರಾವೆ ಯಂತ್ರ ಆರಿಸಿದೊಡನೆ ಮಾಯ. ಮರುದಿನ ಬಂದ ತಂತ್ರಜ್ಞ ‘ಈಗ ಎಲ್ಲ ಸರಿಯಿದೆಯಲ್ಲ’ ಎಂದು ಹೇಳಿ ಹೋಗುತ್ತಾನೆ.

ಒಪ್ಪಂದದಲ್ಲಿ ಏನಿರಬೇಕು

ತಂತ್ರಾಂಶ ಖರೀದಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಈ ಕೆಳಗಿನ ಷರತ್ತುಗಳನ್ನು ಸೇರಿಸಬೇಕೆಂದು ನನ್ನ ಸಲಹೆ.

1. ಪರೀಕ್ಷೆಯು ನಮ್ಮ ನಿಜವಾದ ಗಾತ್ರದ ದತ್ತಾಂಶದ ಮೇಲೆ, ಅಂದರೆ ನಮ್ಮಷ್ಟೇ ಸದಸ್ಯರು ಮತ್ತು ಕನಿಷ್ಠ ಮೂರು ವರ್ಷಗಳ ವಹಿವಾಟು ತುಂಬಿದ ಮೇಲೆ ನಡೆಯಬೇಕು. ಗ್ರಾಹಕರ ನೈಜ ಹೆಸರು, ಸಂಖ್ಯೆಗಳನ್ನು ಬಳಸಬಾರದು.

2. ನಮ್ಮ ಅತ್ಯಂತ ಬಿಡುವಿಲ್ಲದ ಗಂಟೆಯ ಎರಡು ಪಟ್ಟು ಭಾರವನ್ನು ಹೇರಬೇಕು. ಇದಲ್ಲದೆ ಕನಿಷ್ಠ ಏಳು ದಿನ ರೀಸ್ಟಾರ್ಟ್ ಇಲ್ಲದೆ ಸಾಮಾನ್ಯ ಭಾರದಲ್ಲಿ ನಡೆಸಿ ತೋರಿಸಬೇಕು.

3. ಜಿಸಿ ಲಾಗ್ ಸದಾ ಚಾಲನೆಯಲ್ಲಿರಬೇಕು. ಪರೀಕ್ಷೆಯ ಆರಂಭದ ಶಿಲ್ಕು, ಆಖೈರು ಶಿಲ್ಕು, ಅತಿ ದೀರ್ಘ ವಿರಾಮ ಇವುಗಳನ್ನು ಲಿಖಿತವಾಗಿ ಒಪ್ಪಿಸಬೇಕು.

4. ಮೆಮೊರಿ ಮುಗಿದು ಯಂತ್ರ ನಿಂತರೆ ಹೀಪ್ ಡಂಪ್ ತಾನಾಗಿಯೇ ಉಳಿಯುವಂತೆ ಹೊಂದಿಸಬೇಕು. ಬಳಕೆಯಲ್ಲಿರುವ ಸರ್ವರ್‌ನ ಆ ಪ್ರತಿಯಲ್ಲಿ ಗ್ರಾಹಕರ ಹೆಸರು, ಖಾತೆ ಸಂಖ್ಯೆ, ಠೇವಣಿ ಎಲ್ಲವೂ ಇರಬಹುದಾದ್ದರಿಂದ ಅದನ್ನು ಲೆಡ್ಜರಿನಷ್ಟೇ ಜೋಪಾನವಾಗಿಡಬೇಕು. ಇ-ಮೇಲ್‌ನಲ್ಲಿ ಹೊರಗೆ ಕಳುಹಿಸಕೂಡದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಇಲ್ಲಿ ನೆನಪಿಡಬೇಕು.

5. ಸೋರಿಕೆ ಸಾಬೀತಾದರೆ ದುರಸ್ತಿಯ ವೆಚ್ಚ ಪೂರೈಕೆದಾರರದು. ಹೊಸ ಮೆಮೊರಿ ಖರೀದಿಸುವಂತೆ ಗ್ರಾಹಕನಿಗೆ ಹೇಳುವುದು ಅದಕ್ಕೆ ಬದಲಿಯಾಗದು.

ಇಷ್ಟೆಲ್ಲ ಸಣ್ಣ ಸಂಸ್ಥೆಗಳಿಗೆ ಭಾರವಾಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ಜಿಸಿ ಲಾಗ್‌ಗೆ ಪ್ರತ್ಯೇಕ ಖರ್ಚಿಲ್ಲ. ಭಾರ ಹೇರಲು ಜೆಮೀಟರ್‌ನಂತಹ ಉಚಿತ ಸಾಧನಗಳಿವೆ. ಒಂದೇ ಪೂರೈಕೆದಾರರ ತಂತ್ರಾಂಶ ಬಳಸುವ ಹತ್ತು ಸಂಘಗಳು ಸೇರಿದರೆ ಒಬ್ಬ ಸ್ವತಂತ್ರ ಪರೀಕ್ಷಕನ ಶುಲ್ಕ ತಲಾ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೂ ಮೊದಲು ನಾಳೆಯೇ ಆರಂಭಿಸಬಹುದಾದ ಒಂದು ಕ್ರಮವಿದೆ: ಸರ್ವರ್ ಪಕ್ಕದಲ್ಲಿ ಒಂದು ರೀಸ್ಟಾರ್ಟ್ ವಹಿ. ದಿನಾಂಕ, ಗಂಟೆ, ಕಾರಣ, ಎಷ್ಟು ನಿಮಿಷ ಕೆಲಸ ನಿಂತಿತು, ಯಾರು ಮಾಡಿದರು ಎಂಬ ಐದು ಅಂಕಣ ಸಾಕು. ಮೂರು ತಿಂಗಳ ಬಳಿಕ ಆಂತರಿಕ ಲೆಕ್ಕಪರಿಶೋಧಕರು ಅದನ್ನು ಆಡಳಿತ ಮಂಡಳಿಯ ಮುಂದಿಡಲಿ. ಎಷ್ಟು ನಿಮಿಷಗಳು ಯಾವ ಹೊತ್ತಿನಲ್ಲಿ ಹೋದವು ಎಂಬುದು ಲಿಖಿತವಾಗಿ ಎದುರಿಗೆ ಬಂದಾಗ ಪೂರೈಕೆದಾರರೊಡನೆ ಮಾತನಾಡುವ ಧಾಟಿಯೇ ಬದಲಾಗುತ್ತದೆ.

ಸರ್ಕಾರಿ ಜಾಲತಾಣಗಳ ವಿಷಯದಲ್ಲಿಯೂ ನಮ್ಮ ಬೇಡಿಕೆ ಬದಲಾಗಬೇಕು. ಪ್ರತಿ ಬಾರಿ ಗಡುವು ವಿಸ್ತರಿಸಿ ಎಂದು ಮನವಿ ಸಲ್ಲಿಸಿ ಕಾಯುವ ಬದಲು, ಗಡುವಿನ ಹಿಂದಿನ ಮೂರು ದಿನಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಎಷ್ಟು ಸೆಕೆಂಡಿನೊಳಗೆ ಉತ್ತರ ದೊರೆಯಿತು, ಎಷ್ಟು ನಿಮಿಷ ಸೇವೆ ಸ್ಥಗಿತವಾಗಿತ್ತು ಎಂಬುದನ್ನು ಪ್ರಕಟಿಸಲಿ ಎಂದು ಕೇಳಬೇಕು. ಸ್ಥಗಿತಗೊಂಡ ಅವಧಿ ನಿಗದಿತ ಮಿತಿ ದಾಟಿದರೆ ಗಡುವು ತಾನಾಗಿಯೇ ಒಂದು ದಿನ ಮುಂದಕ್ಕೆ ಹೋಗುವ ನಿಯಮವಿರಲಿ. ಬೈಂದೂರಿನ ಅಂಗಡಿಕಾರನು ಪರದೆಯ ಚಿತ್ರ ತೆಗೆದಿಟ್ಟುಕೊಂಡು ತನ್ನ ನಿರಪರಾಧಿತ್ವವನ್ನು ತಾನೇ ರುಜುವಾತು ಮಾಡಬೇಕಾದ ಸ್ಥಿತಿ ನ್ಯಾಯವಲ್ಲ.

ಮಾರ್ಚ್ ತಿಂಗಳು ಪ್ರತಿ ವರ್ಷವೂ ಬರುತ್ತದೆ. ಅದಕ್ಕೆ ಮುನ್ನ ನಮ್ಮ ಸಂಘವು ಮೂರೂ ತಾಲೂಕುಗಳ ಸಹಕಾರಿ ಸಂಸ್ಥೆಗಳು, ಉದ್ಯಮಿಗಳು ಮತ್ತು ತಂತ್ರಾಂಶ ಪೂರೈಕೆದಾರರ ಒಂದು ಸಭೆ ಕರೆದು, ಮೇಲಿನ ಷರತ್ತುಗಳನ್ನೊಳಗೊಂಡ ಮಾದರಿ ಒಪ್ಪಂದ ಪತ್ರವೊಂದನ್ನು ಸಿದ್ಧಪಡಿಸಬೇಕೆಂದು ಈ ಮೂಲಕ ಕೋರುತ್ತೇನೆ. ಸಭೆಗೆ ಬರುವವರು ತಮ್ಮ ಸರ್ವರ್ ಕಳೆದ ತಿಂಗಳು ಎಷ್ಟು ಬಾರಿ ರೀಸ್ಟಾರ್ಟ್ ಆಯಿತು ಎಂಬ ಲೆಕ್ಕವನ್ನು ತಂದರೆ ಚರ್ಚೆಗೆ ಅನುಕೂಲವಾಗುತ್ತದೆ.